ದೂರಗಾಮಿ ನಿಸ್ತಂತು ಸೆನ್ಸರುಗಳೂ ಅವುಗಳ ವ್ಯಾಪ್ತಿ ಪರೀಕ್ಷೆಯೂ

ಕೆರೆಯಲ್ಲಿ ನೀರು ಎಷ್ಟು ಅಡಿ ನಿಂತಿದೆ, ತೋಟದ ಮಣ್ಣಿನಲ್ಲಿ ತೇವ ಎಷ್ಟಿದೆ, ಕಳೆದ ರಾತ್ರಿ ಮೇಲಣ ಹೊಲದಲ್ಲಿ ಮಳೆ ಎಷ್ಟು ಬಿದ್ದಿತು ಎಂಬೀ ಸಂಗತಿಗಳನ್ನು ಸ್ಥಳಕ್ಕೆ ಹೋಗದೆಯೇ ತಿಳಿಸತಕ್ಕ ಸಣ್ಣ ಉಪಕರಣಗಳು ಈಚಿನ ವರ್ಷಗಳಲ್ಲಿ ನಮ್ಮ ಗ್ರಾಮಗಳಿಗೂ ಬರತೊಡಗಿರುವುದನ್ನು ವಾಚಕ ಮಹಾಶಯರು ಬಲ್ಲರು. ಇವುಗಳಿಗೆ ಸೆನ್ಸರುಗಳೆಂದು ಹೆಸರು. ಇವುಗಳ ಪೈಕಿ ಲೋರಾ ಎಂಬ ನಿಸ್ತಂತು ಕ್ರಮವನ್ನು ಅನುಸರಿಸತಕ್ಕವು ಒಂದೊಂದಕ್ಕೂ ಬೇರೆ ಬೇರೆ ಸಿಮ್ ಕಾರ್ಡನ್ನು ಬೇಡದೆ, ಸಣ್ಣ ಬ್ಯಾಟರಿಯ ಬಲದಿಂದಲೇ ವರ್ಷಗಟ್ಟಲೆ ನಡೆಯುವುವಾದುದರಿಂದ, ಬೇಸಾಯದ ಉಪಯೋಗಕ್ಕೆ ವಿಶೇಷವಾಗಿ ಒಗ್ಗುತ್ತವೆ.

ಆದರೆ ಇಂತಹ ಏರ್ಪಾಡನ್ನು ಒಬ್ಬ ರೈತನು ತನ್ನೊಬ್ಬನಿಗಾಗಿಯೇ ಮಾಡಿಕೊಳ್ಳುವುದು ಅಪರೂಪ. ಹತ್ತಿಪ್ಪತ್ತು ಮಂದಿ ಹಿಡುವಳಿದಾರರು ಕೂಡಿ, ಊರಿನ ಯಜಮಾನರ ಮಾತಿನ ಮೇಲೆ ಭರವಸೆಯಿಟ್ಟು, ಹಣ ಹಾಕುತ್ತಾರೆ. ಅದು ಕೆಲಸಮಾಡದೆ ಹೋದಲ್ಲಿ ಮಾರಿದವನು ಊರು ಬಿಟ್ಟು ಹೋಗಿರುತ್ತಾನೆ. ಉತ್ತರ ಹೇಳಬೇಕಾದವರು ಯಜಮಾನರೇ. ಅದರಲ್ಲಿಯೂ ಈ ನಷ್ಟವು ಎಲ್ಲರಿಗೂ ಸಮನಾಗಿ ಹಂಚಿಹೋಗತಕ್ಕದ್ದಲ್ಲ. ಊರ ನಡುವೆ ಆಂಟೆನಾ ನಿಂತಿರುವ ಕಟ್ಟಡದ ಪಕ್ಕದ ತೋಟದವನಿಗೆ ವರದಿ ತಪ್ಪದೆ ಬರುತ್ತದೆ. ಕಾಲುವೆಯ ಕೊನೆಯ ಗದ್ದೆಯವನು ಸಮಪಾಲು ಹಣ ಕೊಟ್ಟೂ ಏನನ್ನೂ ಕಾಣನು. ನೀರಿನ ಸರದಿಯಲ್ಲಿ ಮೊದಲೇ ಹಿಂದೆ ಬಿದ್ದವನಿಗೆ ಇದು ಎರಡನೆಯ ಅನ್ಯಾಯವಾಗುತ್ತದೆ. ಇದನ್ನು ತಪ್ಪಿಸಬೇಕಾದರೆ ಸೆನ್ಸರುಗಳನ್ನು ಕೊಳ್ಳುವುದಕ್ಕೆ ಮೊದಲು ಅವುಗಳ ಸಂಕೇತವು ಎಲ್ಲೆಲ್ಲಿಂದ ಬಂದು ಮುಟ್ಟುತ್ತದೆಂಬುದನ್ನು ಪರೀಕ್ಷಿಸಬೇಕು. ಆ ಪರೀಕ್ಷೆಯನ್ನು ಊರ ಚಾವಡಿಯ ಮುಂದೆ ಮಾಡದೆ ಕೊನೆಯ ಗದ್ದೆಯಲ್ಲಿಯೇ ಮಾಡಬೇಕು. ಅದರ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಉಪಕರಣಗಳ ಸ್ವರೂಪ

ನಿಸ್ತಂತು ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ತಮ್ಮ ಮನೆಯಲ್ಲಿ ಬಾನುಲಿ ನಿಲಯವನ್ನು ಸ್ಥಾಪಿಸಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟಿದ್ದುದು ಪ್ರಸಿದ್ಧವಾಗಿದೆ. ಬಾನುಲಿಯಲ್ಲಿ ಒಂದು ದೊಡ್ಡ ನಿಲಯವು ಮಾತನಾಡುತ್ತದೆ, ಸಾವಿರಾರು ಮನೆಗಳು ಕೇಳುತ್ತವೆ. ಇಲ್ಲಿಯಾದರೋ ವ್ಯವಸ್ಥೆಯು ತಲೆಕೆಳಗು. ಹೊಲಗದ್ದೆಗಳಲ್ಲಿ ಹರಡಿರುವ ನೂರಾರು ಸಣ್ಣ ಉಪಕರಣಗಳು ಆಗಾಗ್ಗೆ ಒಂದೆರಡು ಅಂಕಿಗಳನ್ನು ಮೆಲ್ಲನೆ ಉಸುರುತ್ತವೆ. ಎತ್ತರದಲ್ಲಿ ನಿಂತಿರುವ ಒಂದು ಪೆಟ್ಟಿಗೆಯು ಅವೆಲ್ಲವನ್ನೂ ಕೇಳಿಸಿಕೊಂಡು ಇಂಟರ್ನೆಟ್ಟಿನ ಮೂಲಕ ಲೆಕ್ಕವಿಡುವ ಯಂತ್ರಕ್ಕೆ ರವಾನಿಸುತ್ತದೆ. ಈ ಪೆಟ್ಟಿಗೆಗೆ ಗೇಟ್‌ವೇ ಎಂದು ಹೆಸರು.

ಲೋರಾ ಕ್ರಮವನ್ನು ಮೊದಲು ರೂಪಿಸಿದವರು ಫ್ರಾನ್ಸ್ ದೇಶದ ಗ್ರೆನೋಬಲ್ ನಗರದ ಸೈಕ್ಲಿಯೋ ಎಂಬ ಸಣ್ಣ ಕಂಪೆನಿಯವರು. 2012ರಲ್ಲಿ ಅದನ್ನು ಅಮೆರಿಕದ ಸೆಮ್‌ಟೆಕ್ ಕಂಪೆನಿಯವರು ಕೊಂಡರು. 2015ರಲ್ಲಿ ಲೋರಾವಾನ್ ಎಂಬ ಸಾಮಾನ್ಯ ನಿಯಮಾವಳಿಯು ಪ್ರಕಟವಾಯಿತು. ಇದರ ವಿಶೇಷವೇನೆಂದರೆ, ಸಂಕೇತವು ಹಕ್ಕಿಯ ಸಿಳ್ಳಿನಂತೆ ತಗ್ಗಿನಿಂದ ಹೆಚ್ಚಿಗೆ ಏರುತ್ತ ಹೋಗುತ್ತದೆ. ಸಿಳ್ಳನ್ನು ನಿಧಾನವಾಗಿ ಎಳೆದಷ್ಟೂ ಅದನ್ನು ಗದ್ದಲದ ನಡುವೆ ಗುರುತಿಸುವುದು ಸುಲಭ. ಹೀಗೆ ಎಳೆಯುವ ಪ್ರಮಾಣವನ್ನು ಎಸ್.ಎಫ್. 7ರಿಂದ ಎಸ್.ಎಫ್. 12ರವರೆಗೆ ಆರು ಮೆಟ್ಟಿಲುಗಳಲ್ಲಿ ಗೊತ್ತುಮಾಡಿದ್ದಾರೆ. 12ನೆಯ ಮೆಟ್ಟಿಲಿನಲ್ಲಿ ಸಂಕೇತವು ಸುತ್ತಣ ಗದ್ದಲದ ನೂರರಲ್ಲೊಂದು ಪಾಲಿನಷ್ಟು ಕ್ಷೀಣವಾಗಿದ್ದರೂ ಗೇಟ್‌ವೇ ಅದನ್ನು ಹೆಕ್ಕಿ ತೆಗೆಯಬಲ್ಲುದು. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಹನ್ನೆರಡು ಅಕ್ಷರಗಳಷ್ಟು ಸಣ್ಣ ವರದಿಯೊಂದು 7ನೆಯ ಮೆಟ್ಟಿಲಿನಲ್ಲಿ ಒಂದು ಸೆಕೆಂಡಿನ ಹದಿನಾರನೆಯ ಒಂದು ಭಾಗದಲ್ಲಿ ಹೊರಟುಹೋದರೆ, 12ನೆಯದರಲ್ಲಿ ಸುಮಾರು ಒಂದೂವರೆ ಸೆಕೆಂಡನ್ನು ತೆಗೆದುಕೊಳ್ಳುತ್ತದೆ. ಎಂದರೆ ಬ್ಯಾಟರಿಯಿಂದ ಕಳುಹಿಸುವ ಖರ್ಚು ಸುಮಾರು ಇಪ್ಪತ್ತನಾಲ್ಕರಷ್ಟಾಗುವುದು. ಸದಾ 12ನೆಯ ಮೆಟ್ಟಿಲಿನಲ್ಲಿ ಒದ್ದಾಡುವ ಸೆನ್ಸರು ಕರಪತ್ರದಲ್ಲಿ ಹೇಳಿದಷ್ಟು ವರ್ಷ ಬಾಳುವುದೆಂದು ನಂಬತಕ್ಕದ್ದಲ್ಲ.

ನಮ್ಮ ದೇಶದಲ್ಲಿ ಈ ಉಪಕರಣಗಳು 865ರಿಂದ 868 ಮೆಗಾಹರ್ಟ್ಸ್ ವರೆಗಿನ ಪಟ್ಟಿಯಲ್ಲಿ ನಡೆಯುತ್ತವೆ. ಅಲ್ಪಶಕ್ತಿಯ ಉಪಕರಣಗಳಿಗೆ ಈ ಪಟ್ಟಿಯಲ್ಲಿ ಲೈಸೆನ್ಸು ಬೇಕಿಲ್ಲವೆಂದು ಕೇಂದ್ರ ಸರ್ಕಾರದವರು ನಿಯಮ ಮಾಡಿದ್ದಾರೆ. ಲೈಸೆನ್ಸು ಬೇಡವೆಂದ ಮಾತ್ರಕ್ಕೆ ಯಾವ ಉಪಕರಣವನ್ನಾದರೂ ತರಬಹುದೆಂದು ಭಾವಿಸಕೂಡದು. ಉಪಕರಣದ ಮಾದರಿಗೆ ಕೇಂದ್ರದ ನಿಸ್ತಂತು ಯೋಜನಾ ಮತ್ತು ಸಮನ್ವಯ ವಿಭಾಗದ ಒಪ್ಪಿಗೆ ಆಗಿರಬೇಕು. ಮಾರುವವರಿಂದ ಆ ಪತ್ರದ ನಕಲನ್ನು ಕೇಳಿ ಪಡೆಯತಕ್ಕದ್ದು. ಅಮೆರಿಕದಲ್ಲಿ ನಡೆಯುವ 915 ಮೆಗಾಹರ್ಟ್ಸಿನ ಸಾಮಾನು ಅಗ್ಗವಾಗಿ ದೊರೆತರೂ ಅದು ಇಲ್ಲಿ ಸಲ್ಲದು. ಲೈಸೆನ್ಸಿಲ್ಲದ ಪಟ್ಟಿಯೆಂಬುದು ಊರ ಗೋಮಾಳದಂತೆ. ಎಲ್ಲರಿಗೂ ಹಕ್ಕುಂಟು, ಇನ್ನೊಬ್ಬರು ಬಂದು ದಟ್ಟಣೆ ಮಾಡಿದರೆ ದೂರುವುದಕ್ಕೆ ಮಾತ್ರ ಯಾರಿಗೂ ಹಕ್ಕಿಲ್ಲ.

ದೂರದ ವಿಷಯ

ಕರಪತ್ರಗಳಲ್ಲಿ ಹತ್ತು ಹದಿನೈದು ಕಿಲೋಮೀಟರ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಸಾಮಾನ್ಯ. ಇದು ಸುಳ್ಳಲ್ಲ. 2017ರಲ್ಲಿ ಯೂರೋಪಿನಲ್ಲಿ ಬಲೂನಿನೊಂದಿಗೆ ಆಕಾಶಕ್ಕೇರಿದ ಲೋರಾ ಉಪಕರಣವೊಂದರ ಸಂಕೇತವು 702 ಕಿಲೋಮೀಟರ್ ದೂರದ ಗೇಟ್‌ವೇಯನ್ನು ಮುಟ್ಟಿತು. ಅದರ ಶಕ್ತಿಯು ಕೇವಲ 25 ಮಿಲಿವಾಟ್. ಆದರೆ ಆ ಬಲೂನು 38 ಕಿಲೋಮೀಟರಿಗೂ ಮಿಕ್ಕಿ ಮೇಲಿತ್ತು, ನಡುವೆ ಗಾಳಿಯಲ್ಲದೆ ಬೇರೇನೂ ಇರಲಿಲ್ಲ. ನಮ್ಮ ಸೆನ್ಸರು ಕಬ್ಬಿನ ಬುಡದಲ್ಲಿ ಒಂದು ಮೊಳದೆತ್ತರದ ಗೂಟದ ಮೇಲೆ ಕುಳಿತಿರುವುದು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕಣ್ಣಿಗೆ ಕಾಣುವಷ್ಟು ತೆರವಿದ್ದರೆ ಸಾಕೆಂದು ಹಲವರು ತಿಳಿಯುವುದುಂಟು. ವಸ್ತುತಃ ನಿಸ್ತಂತು ಅಲೆಯು ದಾರದಂತೆ ತೆಳ್ಳಗೆ ಹೋಗುವುದಿಲ್ಲ. ಎರಡು ತುದಿಗಳಲ್ಲಿ ಚೂಪಾಗಿ ನಡುವೆ ಉಬ್ಬಿದ, ಸೌತೆಕಾಯಿಯಾಕಾರದ ಜಾಗವನ್ನೆಲ್ಲ ಅದು ಬಳಸಿಕೊಳ್ಳುತ್ತದೆ. ಈ ಪಟ್ಟಿಯಲ್ಲಿ ಎರಡು ಕಿಲೋಮೀಟರ್ ದೂರಕ್ಕೆ ಆ ಉಬ್ಬು ಮಧ್ಯದಲ್ಲಿ ನೇರ ರೇಖೆಯಿಂದ ಸುತ್ತಲೂ 43 ಅಡಿಯಷ್ಟು ಹರಡಿರುವುದು. ಐದು ಕಿಲೋಮೀಟರಿಗೆ 68 ಅಡಿ. ಇದರಲ್ಲಿ ನೂರಕ್ಕೆ ಅರವತ್ತು ಭಾಗವಾದರೂ ತೆರವಾಗಿರಬೇಕೆಂಬುದು ಈ ವಿದ್ಯೆಯಲ್ಲಿ ಸಾಮಾನ್ಯವಾಗಿ ಒಪ್ಪಿರುವ ಅಳತೆ.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಸಮತಟ್ಟಾದ ಬಯಲಿನ ಊರು. ಸಮುದಾಯ ಭವನದ ಮೇಲೆ ನೆಲದಿಂದ 40 ಅಡಿಯೆತ್ತರದಲ್ಲಿ ಆಂಟೆನಾ. ಎರಡು ಕಿಲೋಮೀಟರ್ ಆಚೆ ಕೊನೆಯ ಗದ್ದೆಯಲ್ಲಿ 5 ಅಡಿಯೆತ್ತರದ ಗೂಟದ ಮೇಲೆ ಸೆನ್ಸರು ಎಂದು ಭಾವಿಸಿರಿ. ಇವೆರಡನ್ನು ಸೇರಿಸುವ ರೇಖೆಯು ನಡುದಾರಿಯಲ್ಲಿ ನೆಲದಿಂದ ಸುಮಾರು ಇಪ್ಪತ್ತೆರಡೂವರೆ ಅಡಿ ಮೇಲಿರುವುದು. ಬೇಕಾದ ತೆರವು 26 ಅಡಿ. ಎಂದ ಮೇಲೆ ಬರಿಯ ನೆಲವೇ ಅಡ್ಡ ಬಂದಂತಾಯಿತು. ಆಂಟೆನಾವನ್ನು 80 ಅಡಿಗೆ ಏರಿಸಿದಲ್ಲಿ ನಡುದಾರಿಯ ಎತ್ತರವು ನಲವತ್ತೆರಡೂವರೆ ಅಡಿಯಾಗುವುದು; ಹತ್ತಡಿಯ ಕಬ್ಬು ನಿಂತಿದ್ದರೂ ಮೂವತ್ತೆರಡೂವರೆ ಅಡಿ ತೆರವು ಉಳಿಯುವುದರಿಂದ ಚಿಂತೆಯಿಲ್ಲ. ಆದರೆ ನಡುವೆ ಐವತ್ತಡಿಯ ತೆಂಗಿನ ತೋಪೊಂದಿದ್ದರೆ ಈ ಎತ್ತರವೂ ಸಾಲದು. ತೆರವು ಕಡಮೆಯಾದೊಡನೆ ಸಂಕೇತವು ಒಮ್ಮೆಗೇ ನಿಂತುಹೋಗುವುದೆಂದಲ್ಲ; ಕ್ಷೀಣಿಸುತ್ತದೆ, ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಪೂರ್ತಿ ಕೆಟ್ಟುದಕ್ಕಿಂತ ಈ ಅರೆಕೊರೆಯೇ ಹೆಚ್ಚು ತಕರಾರಿಗೆ ಎಡೆಗೊಡುತ್ತದೆ.

ಎಲೆಗಳಲ್ಲಿರುವ ನೀರು ಅಲೆಯನ್ನು ಹೀರುತ್ತದೆಂಬುದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಬೇಸಗೆಯಲ್ಲಿ ಕಟಾವಾದ ಬಯಲಿನಲ್ಲಿ ಮಾಡಿದ ಪರೀಕ್ಷೆಯು ಚೆನ್ನಾಗಿಯೇ ಕಾಣುವುದು. ವಿಶ್ವೇಶ್ವರಯ್ಯ ನಾಲೆಯ ಕೆಳಗಣ ಮಂಡ್ಯದ ಕಬ್ಬಿನ ಬಯಲಾಗಲಿ, ಮಲೆನಾಡಿನ ಕಣಿವೆಯ ಅಡಕೆ ತೋಟವಾಗಲಿ ಮಳೆಗಾಲದಲ್ಲಿ ತೊಯ್ದು ನಿಂತಾಗ ಅದೇ ಜಾಗ, ಅದೇ ಉಪಕರಣ, ಬೇರೆ ಫಲ. ಸೆನ್ಸರು ತೋಟದ ಒಳಗೇ ಇರುವುದರಿಂದ ಅಲೆಯು ಎಲೆಗಳ ಹೊದಿಕೆಯನ್ನು ದಾಟಿಯೇ ಹೊರಬೀಳಬೇಕಾಗುತ್ತದೆ. ಮಲೆನಾಡಿನಲ್ಲಿ ಇದರ ಮೇಲೆ ಗುಡ್ಡದ ಮರೆಯೂ ಸೇರುವುದು. ಅಲ್ಲಿ ಅರ್ಧ ಕಿಲೋಮೀಟರಿಗೇ ಸಂಕೇತ ಸೋತರೆ ಆಶ್ಚರ್ಯಪಡಬೇಕಾದುದಿಲ್ಲ.

ಗೇಟ್‌ವೇ ನಿಲ್ಲಿಸುವ ಜಾಗ

ನೀರಿನ ಮೇಲ್ತೊಟ್ಟಿ, ಶಾಲೆಯ ಮಾಳಿಗೆ, ಕೆರೆಯ ಏರಿ, ಊರ ಪಕ್ಕದ ದಿಣ್ಣೆ, ಇವು ಸಾಮಾನ್ಯವಾಗಿ ಸೂಚಿಸಲ್ಪಡುವ ಜಾಗಗಳು. ಬಯಲಿನಲ್ಲಿ ಆಂಟೆನಾದ ಎತ್ತರವನ್ನು ಇಮ್ಮಡಿ ಮಾಡಿದರೆ ಸಂಕೇತದ ಬಲವು ಸುಮಾರು ನಾಲ್ಕರಷ್ಟಾಗುವುದರಿಂದ, ಹಣವನ್ನು ಬೆಲೆಬಾಳುವ ಉಪಕರಣಕ್ಕೆ ಸುರಿಯುವುದಕ್ಕಿಂತ ಕಬ್ಬಿಣದ ಕಂಬಕ್ಕೆ ಹಾಕುವುದು ಮೇಲು. ಎತ್ತರದ ಗುಡ್ಡ ಸಿಕ್ಕಿತೆಂದು ಹಿಗ್ಗಿ, ಬಲವಾದ ಆಂಟೆನಾ ತಂದು ಅದರ ನೆತ್ತಿಯ ಮೇಲೆ ನಿಲ್ಲಿಸುವವರೂ ಉಂಟು. ಬಲವಾದ ಆಂಟೆನಾ ಎಂದರೆ ಸುತ್ತಲೂ ಹರಡುವ ಶಕ್ತಿಯನ್ನು ತಟ್ಟೆಯಂತೆ ಚಪ್ಪಟೆಯಾಗಿ ಒತ್ತಿ ದೂರಕ್ಕೆ ಕಳುಹಿಸುವುದೆಂದೇ ಅರ್ಥ. ಗುಡ್ಡದ ಮೇಲಿಂದ ಆ ತಟ್ಟೆಯು ಕೆಳಗಣ ಗದ್ದೆಗಳ ತಲೆಯ ಮೇಲೆ ಹಾದು ಪಕ್ಕದ ಹೋಬಳಿಗೆ ಹೋಗಿ ಬೀಳುವುದು. ಬುಡದ ಗದ್ದೆಗೆ ದೀಪದ ಕೆಳಗಿನ ಕತ್ತಲೆಯೇ ಗತಿ. ಅಂತಹ ಸ್ಥಳಕ್ಕೆ ಸಾಧಾರಣ ಬಲದ ಆಂಟೆನಾವೇ ಲೇಸು.

ಆಂಟೆನಾ ನೆಟ್ಟಗೆ ನಿಂತಿರಬೇಕು, ಸೆನ್ಸರಿನ ಆಂಟೆನಾವೂ ನೆಟ್ಟಗಿರಬೇಕು. ಒಂದು ನಿಂತು ಇನ್ನೊಂದು ಮಲಗಿದರೆ ಸಂಕೇತದ ಹೆಚ್ಚು ಭಾಗ ವ್ಯರ್ಥವಾಗುವುದು. ಆಂಟೆನಾ ಜೋಡಿಸದೆ ವಿದ್ಯುತ್ತು ಹರಿಸಿದಲ್ಲಿ ಒಳಗಣ ಭಾಗ ಸುಟ್ಟುಹೋಗುವ ಭಯವುಂಟು. ಕೇಬಲಿನ ವಿಷಯದಲ್ಲಿ ಬಹುತೇಕ ಎಲ್ಲರೂ ಮೋಸಹೋಗುತ್ತಾರೆ. ಮಾಳಿಗೆಯ ಮೇಲೆ ಆಂಟೆನಾ, ಕೆಳಗಣ ಕೊಠಡಿಯಲ್ಲಿ ಗೇಟ್‌ವೇ, ನಡುವೆ ಇಪ್ಪತ್ತು ಮೀಟರ್ ತೆಳು ಕೇಬಲ್ ಎಂದಿಟ್ಟುಕೊಳ್ಳಿರಿ. ಆರ್.ಜಿ. 58 ಎಂಬ ತೆಳುಜಾತಿಯ ಕೇಬಲಿನಲ್ಲಿ ಮೀಟರಿಗೆ ಸುಮಾರು ಅರ್ಧ ಡೆಸಿಬಲ್ ನಷ್ಟ. ಇಪ್ಪತ್ತು ಮೀಟರಿಗೆ ಹತ್ತು ಡೆಸಿಬಲ್, ಎಂದರೆ ಆಂಟೆನಾ ಹಿಡಿದ ಶಕ್ತಿಯಲ್ಲಿ ಹತ್ತನೆಯ ಒಂಬತ್ತು ಪಾಲು ದಾರಿಯಲ್ಲೇ ಕರಗಿಹೋಯಿತು. ಕಂಬ ಎತ್ತರಿಸಿ ಗಳಿಸಿದ ಲಾಭವನ್ನು ಕೇಬಲು ತಿಂದುಹಾಕುವುದು. ದಪ್ಪಜಾತಿಯ ಕೇಬಲಿನಲ್ಲಿ ಇದೇ ದೂರಕ್ಕೆ ಮೂರು ಡೆಸಿಬಲಿಗೂ ಕಡಮೆ ನಷ್ಟ. ಎಲ್ಲಕ್ಕಿಂತ ಉತ್ತಮವೆಂದರೆ ಮಳೆ ತಡೆಯುವ ಗೇಟ್‌ವೇ ಪೆಟ್ಟಿಗೆಯನ್ನೇ ಕಂಬದ ಮೇಲೆ ಆಂಟೆನಾದ ಬುಡದಲ್ಲಿ ಬಿಗಿದು, ಕೆಳಕ್ಕೆ ಕಂಪ್ಯೂಟರಿನ ತಂತಿಯನ್ನು ಮಾತ್ರ ಇಳಿಸುವುದು.

ಮೊಬೈಲ್ ಗೋಪುರದ ಮೇಲೆ ಜಾಗ ಸಿಕ್ಕುವುದೆಂದು ಸಂತೋಷಪಡುವ ಮೊದಲು ಒಂದು ವಿಚಾರವಿದೆ. ಮೊಬೈಲಿನ ಒಂದು ಪಟ್ಟಿಯಲ್ಲಿ ಗೋಪುರವು ಮಾತನಾಡುವುದು 869 ಮೆಗಾಹರ್ಟ್ಸಿನಿಂದ ಆರಂಭವಾಗುತ್ತದೆ. ನಮ್ಮ ಪಟ್ಟಿ 868ಕ್ಕೆ ಮುಗಿಯುವುದು. ಕಿವಿಯ ಪಕ್ಕದಲ್ಲಿ ತಮಟೆ ಬಾರಿಸುತ್ತಿರುವಾಗ ದೂರದ ಪಿಸುಮಾತನ್ನು ಕೇಳುವುದು ಹೇಗೋ ಹಾಗೆ. ಅಂತಹ ಕಡೆ ತಕ್ಕ ಫಿಲ್ಟರನ್ನು ಜೋಡಿಸದೆ ಗೇಟ್‌ವೇ ಇಡತಕ್ಕದ್ದಲ್ಲ. ಸಿಡಿಲಿಗೆ ಭೂಸಂಪರ್ಕದ ತಂತಿಯೂ ರಕ್ಷಕವೂ, ಕರೆಂಟು ಹೋದಾಗ ನಡೆಯಿಸಲು ಬ್ಯಾಟರಿಯೂ ಇರಲೇಬೇಕು. ಗೇಟ್‌ವೇ ಸತ್ತಿರುವ ಹೊತ್ತಿನಲ್ಲಿ ಸೆನ್ಸರುಗಳು ಕಳುಹಿಸಿದ ವರದಿಗಳು ಸಾಮಾನ್ಯವಾಗಿ ಮತ್ತೆ ದೊರೆಯುವುದಿಲ್ಲ. ಗಾಳಿಮಳೆಯ ರಾತ್ರಿ ಕರೆಂಟು ಹೋಗುವುದೂ ಕೆರೆಗೆ ನೀರು ನುಗ್ಗುವುದೂ ಒಟ್ಟಿಗೆ ಆಗತಕ್ಕ ಸಂಗತಿಗಳಲ್ಲವೇ?

ಪರೀಕ್ಷೆಯ ಕ್ರಮ

ಮೊದಲು ಗ್ರಾಮದ ನಕ್ಷೆಯನ್ನು ಮುಂದಿಟ್ಟುಕೊಂಡು, ಎಲ್ಲೆಲ್ಲಿ ಸೆನ್ಸರು ಬೇಕೆಂಬುದನ್ನು ಸರ್ವೆ ನಂಬರಿನ ಸಮೇತ ಗುರುತುಮಾಡಬೇಕು. ಅತ್ಯಂತ ದೂರದ್ದು, ಅತ್ಯಂತ ತಗ್ಗಿನದು, ಅತ್ಯಂತ ದಟ್ಟವಾದ ತೋಟದ ಒಳಗಿನದು ಇವು ಮೂರೂ ಆ ಪಟ್ಟಿಯಲ್ಲಿ ಇರಲೇಬೇಕು. ನೀರುಗಂಟಿಯಾಗಿ ಕೆಲಸ ಮಾಡಿದ ಹಿರಿಯರು ಯಾರಾದರೂ ಊರಿನಲ್ಲಿದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಎಲ್ಲಿ ತಗ್ಗು, ಎಲ್ಲಿ ಮರೆ ಎಂಬುದು ನಕ್ಷೆಗಿಂತ ಅವರಿಗೆ ಹೆಚ್ಚು ತಿಳಿದಿರುವುದು.

ಮಾರುವವರು ಮಾಡಿ ತೋರಿಸುವ ಪರೀಕ್ಷೆಯು ಬಹುಮಟ್ಟಿಗೆ ಹೀಗಿರುತ್ತದೆ: ಮೋಟಾರ್ ಸೈಕಲಿನ ಮೇಲೆ ಉಪಕರಣವನ್ನು ಕೈಯಲ್ಲಿ ಹಿಡಿದು ರಸ್ತೆಯಲ್ಲಿ ಸಾಗಿ, ಅಲ್ಲಲ್ಲಿ ಒಂದೆರಡು ಸಂಕೇತ ಮುಟ್ಟಿದುದನ್ನು ಮೊಬೈಲಿನ ನಕ್ಷೆಯಲ್ಲಿ ಹಸುರು ಚುಕ್ಕೆಯಾಗಿ ತೋರಿಸುವುದು. ಇದರಿಂದ ಒಟ್ಟಾರೆ ಅಂದಾಜು ಸಿಕ್ಕುವುದು ನಿಜ. ಆದರೆ ರಸ್ತೆಯು ಸಾಮಾನ್ಯವಾಗಿ ಗದ್ದೆಗಿಂತ ಎತ್ತರದಲ್ಲಿರುವುದು, ಕೈಯ ಎತ್ತರವು ಗೂಟದ ಎತ್ತರವಲ್ಲ, ರಸ್ತೆಯ ಮೇಲೆ ಕಬ್ಬು ಬೆಳೆಯುವುದಿಲ್ಲ. ಆದುದರಿಂದ ಪ್ರತಿಯೊಂದು ಗುರುತಿನ ಜಾಗದಲ್ಲಿಯೂ, ಮುಂದೆ ಸೆನ್ಸರು ಎಷ್ಟು ಎತ್ತರದಲ್ಲಿ ನಿಲ್ಲುವುದೋ ಅಷ್ಟೇ ಎತ್ತರದ ಗೂಟವನ್ನು ನೆಟ್ಟು, ಅದೇ ಜಾತಿಯ ಉಪಕರಣವನ್ನು ಅದರ ಮೇಲಿಟ್ಟು, ಮನುಷ್ಯರು ದೂರ ಸರಿಯಬೇಕು. ಮೈಯ ಮರೆಯೂ ಸಂಕೇತವನ್ನು ತಗ್ಗಿಸುವುದು.

ಬಳಿಕ ಅರ್ಧ ನಿಮಿಷಕ್ಕೆ ಒಂದರಂತೆ ನೂರು ಸಂಕೇತಗಳನ್ನು ಕಳುಹಿಸಲಿ; ಐವತ್ತು ನಿಮಿಷ ಹಿಡಿಯುವುದು. ಐದಾರು ಕಳುಹಿಸಿ ಎಲ್ಲವೂ ಬಂದುವೆಂದು ಎದ್ದುಬಂದರೆ ಅದು ಪರೀಕ್ಷೆಯಲ್ಲ. ಪ್ರತಿಯೊಂದು ಸಂಕೇತಕ್ಕೂ ಕ್ರಮವಾದ ಅಂಕಿಯೊಂದು ಇರುವುದರಿಂದ ಯಾವುದು ತಪ್ಪಿತೆಂಬುದನ್ನು ಗೇಟ್‌ವೇಯ ಲೆಕ್ಕದಲ್ಲಿ ಯಾರಾದರೂ ಎಣಿಸಿ ನೋಡಬಹುದು. ಉಪಕರಣವು ತಾನಾಗಿಯೇ ಮೆಟ್ಟಿಲನ್ನು ಬದಲಾಯಿಸಿಕೊಳ್ಳುವ ಸೌಕರ್ಯವನ್ನು ಈ ಹೊತ್ತಿನಲ್ಲಿ ನಿಲ್ಲಿಸಿ, 10ನೆಯ ಮೆಟ್ಟಿಲಿನಲ್ಲಿ ಕಟ್ಟಿಹಾಕಿ ಪರೀಕ್ಷಿಸುವುದು ನಮ್ಮ ಸಲಹೆ. 12ರಲ್ಲಿ ಗೆದ್ದು ತೋರಿಸುವುದು ಕಷ್ಟವಲ್ಲ; ಆದರೆ ಆಮೇಲೆ ಏರುವುದಕ್ಕೆ ಮೆಟ್ಟಿಲಿರುವುದಿಲ್ಲ.

ಸಂಕೇತವು ಗದ್ದಲಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇತ್ತೆಂಬುದನ್ನು ಗೇಟ್‌ವೇ ಡೆಸಿಬಲುಗಳಲ್ಲಿ ಬರೆದಿಡುವುದು. 10ನೆಯ ಮೆಟ್ಟಿಲಿಗೆ ಗದ್ದಲದಿಂದ 15 ಡೆಸಿಬಲ್ ಕೆಳಗಿನದು ಕಟ್ಟಕಡೆಯ ಮಿತಿ. ಬೇಸಗೆಯ ಪರೀಕ್ಷೆಯಲ್ಲಿ ಈ ಮಿತಿಗಿಂತ ಹತ್ತು ಡೆಸಿಬಲಾದರೂ ಮೇಲಿದ್ದು, ನೂರರಲ್ಲಿ ತೊಂಬತ್ತೈದಕ್ಕೆ ಕಡಮೆಯಿಲ್ಲದೆ ಬಂದಿದ್ದರೆ ಆ ಜಾಗವನ್ನು ಒಪ್ಪಬಹುದು. ಮಿತಿಯ ಹತ್ತಿರ ತೂಗಾಡುತ್ತಿದ್ದರೆ, ನೂರಕ್ಕೆ ನೂರು ಬಂದಿದ್ದರೂ, ಒಪ್ಪತಕ್ಕದ್ದಲ್ಲ. ಮಳೆಗಾಲದ ಎಲೆ ಅದನ್ನು ನುಂಗಿಬಿಡುವುದು. ಮಣ್ಣಿನ ತೇವವನ್ನು ಅರ್ಧ ಗಂಟೆಗೊಮ್ಮೆ ತಿಳಿಸುವ ಸೆನ್ಸರಿನಲ್ಲಿ ಹತ್ತಕ್ಕೆ ಒಂದು ತಪ್ಪಿದರೆ ನಷ್ಟವೇನೂ ಇಲ್ಲವೆಂಬ ವಾದವೂ ಇದೆ, ಅದರಲ್ಲಿ ನ್ಯಾಯವೂ ಇದೆ. ಆದರೆ ತಪ್ಪುವವು ಒಂದೊಂದಾಗಿ ಚೆದರಿ ತಪ್ಪುವುದಿಲ್ಲ, ಒಂದೇ ಹೊತ್ತಿನಲ್ಲಿ ಸಾಲಾಗಿ ತಪ್ಪುವುದೇ ಹೆಚ್ಚು. ಕೆರೆಯ ಕೋಡಿಯ ಮಟ್ಟವನ್ನು ತಿಳಿಸುವ ಉಪಕರಣದಲ್ಲಿ ಅಂತಹ ಸಾಲೊಂದು ಒಂದೇ ರಾತ್ರಿ ಬಂದರೆ ಸಾಕು.

ಕೇಳುವುದನ್ನು ಪರೀಕ್ಷಿಸಿದ ಮೇಲೆ ಹೇಳುವುದನ್ನೂ ಪರೀಕ್ಷಿಸಬೇಕು. ಸೆನ್ಸರಿನ ಮಾತು ಗೇಟ್‌ವೇಗೆ ಕೇಳಿಸಿದ ಮಾತ್ರಕ್ಕೆ ಗೇಟ್‌ವೇಯ ಮಾತು ಸೆನ್ಸರಿಗೆ ಕೇಳಿಸುವುದೆಂಬ ನಿಯಮವಿಲ್ಲ. ಹೊಸ ಉಪಕರಣವು ಜಾಲಕ್ಕೆ ಸೇರಿಕೊಳ್ಳಬೇಕಾದರೂ ಗೇಟ್‌ವೇಯಿಂದ ಮರುಮಾತು ಬರಬೇಕು. ಆದುದರಿಂದ ಊರ ಚಾವಡಿಯಲ್ಲಿ ಸೇರಿಸಿ ಗದ್ದೆಗೆ ಒಯ್ಯುವುದನ್ನು ಬಿಟ್ಟು, ಗದ್ದೆಯಲ್ಲಿಯೇ ಅದನ್ನು ಆರಿಸಿ ಮತ್ತೆ ಹೊತ್ತಿಸಿ ಸೇರುವುದೇ ಎಂದು ನೋಡಬೇಕು. ಇನ್ನೊಂದು ಸಂಗತಿ: ಬ್ಯಾಟರಿ ಉಳಿಸುವ ಸಾಮಾನ್ಯ ಜಾತಿಯ ಸೆನ್ಸರು ತಾನು ಮಾತನಾಡಿದ ಕೂಡಲೇ ಒಂದೆರಡು ಕ್ಷಣ ಮಾತ್ರ ಕಿವಿಗೊಟ್ಟು, ಮತ್ತೆ ಮಲಗಿಬಿಡುವುದು. ಅರ್ಧ ಗಂಟೆಗೊಮ್ಮೆ ಮಾತನಾಡುವ ಉಪಕರಣಕ್ಕೆ ಮೋಟಾರು ನಿಲ್ಲಿಸೆಂದು ಅಪ್ಪಣೆ ಕೊಟ್ಟರೆ ಅದು ಅರ್ಧ ಗಂಟೆಯ ಬಳಿಕ ಕೇಳಿಸಿಕೊಳ್ಳಬಹುದು. ಪಂಪುಸೆಟ್ಟು, ತೂಬು, ವಾಲ್ವುಗಳನ್ನು ನಡೆಯಿಸಲು ಸದಾ ಕಿವಿಗೊಟ್ಟಿರುವ ಜಾತಿಯನ್ನೇ ಕೇಳಬೇಕು. ಅದಕ್ಕೆ ಕರೆಂಟಿನ ಅಥವಾ ಸೌರಫಲಕದ ಆಸರೆ ಬೇಕಾಗುವುದು.

ಫಲಗಳನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆದಿಡುವುದು ಅವಶ್ಯಕ. ಸರ್ವೆ ನಂಬರು, ಗೂಟದ ಎತ್ತರ, ನಿಂತಿದ್ದ ಬೆಳೆ, ತಾರೀಖು, ಬಂದ ಸಂಕೇತಗಳ ಸಂಖ್ಯೆ, ಡೆಸಿಬಲು, ಷರಾ, ಇಷ್ಟು ಸಾಕು. ಹಣ ಹಾಕತಕ್ಕವರೆಲ್ಲರ ಸಮಕ್ಷಮದಲ್ಲಿ ಇದನ್ನು ಓದಿ ಹೇಳಿದ ಮೇಲೆಯೇ ವಂತಿಗೆಯನ್ನು ಎತ್ತುವುದು ಸೂಕ್ತ. ಯಾರ ಜಾಗವು ವ್ಯಾಪ್ತಿಯೊಳಗೆ ಬಾರದೋ ಅವರಿಂದ ಅಷ್ಟರವರೆಗೆ ಹಣ ತೆಗೆದುಕೊಳ್ಳಕೂಡದು.

ಬಾರದ ಜಾಗಗಳಿಗೆ ಉಪಾಯಗಳು ಇಲ್ಲದಿಲ್ಲ. ಸೆನ್ಸರಿನ ತನಿಯನ್ನು ಮಣ್ಣಿನಲ್ಲಿಯೇ ಬಿಟ್ಟು, ಅದರ ಆಂಟೆನಾವನ್ನು ಮಾತ್ರ ಬಿದಿರಿನ ಗಳುವಿನಿಂದಲೋ ಕಬ್ಬಿಣದ ಪೈಪಿನಿಂದಲೋ ಬೆಳೆಯ ಮೇಲಕ್ಕೆ ಎತ್ತಿ ನಿಲ್ಲಿಸಿದರೆ ಅನೇಕ ವೇಳೆ ಅಷ್ಟರಿಂದಲೇ ಕೆಲಸವಾಗುವುದು. ಕಬ್ಬಿನಲ್ಲಿ ಇದು ಸುಲಭ, ಅಡಕೆ ತೋಟದಲ್ಲಿ ಕಷ್ಟ. ಅಲ್ಲಿ ತೋಟದ ಅಂಚಿಗೆ ಉಪಕರಣವನ್ನು ತಂದು ತಂತಿಯನ್ನು ಒಳಕ್ಕೆ ಎಳೆಯಬೇಕಾದೀತು. ಇದೂ ಸಾಗದಿದ್ದಲ್ಲಿ ಎರಡನೆಯ ಗೇಟ್‌ವೇ. ಒಂದೇ ಸಂಕೇತವನ್ನು ಎರಡು ಗೇಟ್‌ವೇಗಳು ಕೇಳಿಸಿಕೊಂಡರೆ ಲೆಕ್ಕದಲ್ಲಿ ತೊಡಕಾಗುವುದೆಂಬ ಭಯ ಬೇಡ. ಒಂದೇ ವರದಿ ಎರಡು ಕಡೆಯಿಂದ ಬಂದರೆ ಲೆಕ್ಕವಿಡುವ ಯಂತ್ರವು ಅದನ್ನು ಒಂದೇ ಎಂದು ಗುರುತಿಸುವುದು. ಒಂದು ನಿಂತರೂ ಇನ್ನೊಂದು ಕೇಳುವುದೆಂಬ ಲಾಭವೂ ಇದೆ. ನೆರೆಯ ಊರಿನವರೂ ಇದೇ ಏರ್ಪಾಡು ಮಾಡುವವರಾಗಿದ್ದರೆ, ಗಡಿಯ ದಿಣ್ಣೆಯ ಮೇಲೆ ಇಬ್ಬರೂ ಸೇರಿ ಒಂದನ್ನು ನಿಲ್ಲಿಸುವುದರಿಂದ ಖರ್ಚು ಅರ್ಧವಾಗುವುದು.

ಕರಾರು ಪತ್ರದಲ್ಲಿ ಒಂದು ಷರತ್ತನ್ನು ಸೇರಿಸಲು ಮರೆಯಬಾರದು. ಹಣದಲ್ಲಿ ಕಾಲು ಭಾಗವನ್ನಾದರೂ ಹಿಡಿದಿಟ್ಟುಕೊಂಡು, ಬೆಳೆ ಪೂರ್ಣ ಎತ್ತರಕ್ಕೆ ಬಂದು ಮಳೆಯಲ್ಲಿ ತೊಯ್ದಿರುವಾಗ ಅವೇ ಗೂಟಗಳಲ್ಲಿ ಅವೇ ನೂರು ಸಂಕೇತಗಳ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿದ ಮೇಲೆ ಸಲ್ಲಿಸುವುದಾಗಿ ಬರೆಯಿಸಿಕೊಳ್ಳತಕ್ಕದ್ದು. ಮುಂಗಾರಿನ ಊರುಗಳಲ್ಲಿ ಇದಕ್ಕೆ ಆಗಸ್ಟು, ಸೆಪ್ಟೆಂಬರು ತಿಂಗಳು ತಕ್ಕವು; ಹಿಂಗಾರಿನ ಮಳೆ ಹೆಚ್ಚಾಗಿರುವಲ್ಲಿ ಅಕ್ಟೋಬರಿನವರೆಗೆ ಕಾಯಬಹುದು. ಬೇಸಗೆಯಲ್ಲಿ ನೆಟ್ಟ ಗೂಟಗಳನ್ನು ಅಲ್ಲಿಯವರೆಗೆ ಕೀಳದೆ ಬಿಟ್ಟು, ಪ್ರತಿಯೊಂದರ ಮೇಲೂ ರಿಜಿಸ್ಟರಿನ ನಂಬರನ್ನು ಬಣ್ಣದಲ್ಲಿ ಬರೆಯಿಸಿರಬೇಕು.